ಷರಾ

ಆಸ್ಪತ್ರೆಯವರು ಕೊಟ್ಟ ಮಾತ್ರೆಯ ಪುಸ್ತಕವನ್ನು ಮಹಾದೇವಪ್ಪ ಮಾಸ್ತರರು ಮೊದಲ ದಿನವೇ ತಳ್ಳಿಹಾಕಿದರು. ಅಂಗೈಯಷ್ಟು ಅಗಲದ ತೆಳು ಪುಸ್ತಕ, ಹೊದಿಕೆಯ ಮೇಲೆ ನಗುವ ಸೂರ್ಯ, ಒಳಗೆ ದಿನಕ್ಕೊಂದರಂತೆ ಸಣ್ಣ ಚೌಕ. ಮಗು ಮಾತ್ರೆ ನುಂಗಿದ ಮೇಲೆ ಚೌಕದೊಳಗೆ ಒಂದು ಗೆರೆ ಎಳೆದರೆ ಮುಗಿಯಿತು. ಹಾಲಿನವನ ಪುಸ್ತಕವೂ ಇದಕ್ಕಿಂತ ನೆಟ್ಟಗಿರುತ್ತದೆ ಎಂದರು ಮಾಸ್ತರರು. ಮೂವತ್ತೆಂಟು ವರ್ಷ ಸರ್ಕಾರಿ ಶಾಲೆಗಳಲ್ಲಿ ಹಾಜರಿ ಬರೆದು, ಸುಳ್ಳ ಎಂಬ ಊರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು ಅವರು. ಅಮರಗೋಳದ ಅಂಗಡಿಯಿಂದ ಉದ್ದನೆಯ ರಟ್ಟಿನ ಪುಸ್ತಕ ತಂದರು, ಪಟ್ಟಿ ಇಟ್ಟು ಗೆರೆ ಹೊಡೆದರು, ಕಾಲಮ್ಮುಗಳಿಗೆ ತಲೆಬರಹ ಕೊಟ್ಟರು. ದಿನಾಂಕ, ಊಟದ ವೇಳೆ, ಮಾತ್ರೆಯ ವೇಳೆ, ಪ್ರಮಾಣ, ಹಾಜರಿ. ಕೊನೆಗೆ, ಎಲ್ಲ ಸರ್ಕಾರಿ ಪುಸ್ತಕಗಳಲ್ಲಿರುವಂತೆ, ಷರಾ. ಏನಾದರೂ ಹೆಚ್ಚುಕಡಿಮೆಯಾದರೆ ನಾಲ್ಕು ಮಾತು ಬರೆಯಲು ಬಿಟ್ಟ ಜಾಗ ಅದು. ಮಾಸ್ತರರ ಪುಸ್ತಕಗಳಲ್ಲಿ ಆ ಜಾಗ ಯಾವಾಗಲೂ ಖಾಲಿ. ಹೆಚ್ಚುಕಡಿಮೆಯಾಗಲು ಅವರು ಬಿಟ್ಟರೆ ತಾನೆ.

ಮಾತ್ರೆ ನುಂಗಬೇಕಾದವಳು ಮೊಮ್ಮಗಳು ಸಂಘಮಿತ್ರಾ, ಎಲ್ಲರ ಬಾಯಲ್ಲಿ ಮಿತ್ರಾ. ಆರೂವರೆ ವರ್ಷದವಳಿದ್ದಾಗ ಜ್ವರ ಬಂದದ್ದು ಬಿಡಲಿಲ್ಲ, ಕಾಲು ನೋವೆಂದು ಅಳತೊಡಗಿದಳು, ಎಲ್ಲೂ ಬೀಳದೆ ತೊಡೆಯ ಮೇಲೆ ನೀಲಿ ಕಲೆಗಳೆದ್ದವು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಮುಂದಿನ ಒಂದು ವರ್ಷವನ್ನು ಆ ಮನೆಯವರು ಹೇಗೆ ಕಳೆದರು ಎಂದು ಹೇಳಹೊರಟರೆ ಈ ಕಥೆ ಮುಗಿಯುವುದಿಲ್ಲ. ಬೆನ್ನಿಗೆ ಸೂಜಿ, ಉದುರಿದ ಕೂದಲು, ಬೇರೆಯವರ ರಕ್ತ, ಎಲ್ಲ ಆಯಿತು. ಈಗ ಅವಳಿಗೆ ಎಂಟು. ಕೂದಲು ಮತ್ತೆ ಬಂದಿತ್ತು, ಈ ಸಲ ಗುಂಗುರಾಗಿ. ಹೋದ ಕೂದಲು ನಮ್ಮದು, ಬಂದದ್ದು ಯಾರದೋ ಶ್ರೀಮಂತರದು ಎಂದು ಅವಳ ಅಜ್ಜಿ ಕಸ್ತೂರೆವ್ವ ಎಣ್ಣೆ ಹಚ್ಚುತ್ತ ನಗುತ್ತಿದ್ದಳು. ಮಿತ್ರಾ ಮೂರನೆಯ ಇಯತ್ತೆಗೆ ಶಾಲೆಗೂ ಹೋಗುತ್ತಿದ್ದಳು.

ಆದರೆ ರೋಗ ಹೋಗಿದೆ ಎಂದು ಡಾಕ್ಟರ್ ಚಿನ್ಮಯೀ ಒಮ್ಮೆಯೂ ಹೇಳಲಿಲ್ಲ. ಕಾಣುತ್ತಿಲ್ಲ ಎಂದಷ್ಟೇ ಹೇಳಿದರು. ಹೊಲದಲ್ಲಿ ಕರಿಕೆ ಹುಲ್ಲು ಕಿತ್ತ ಮೇಲೆ ಮೇಲೆಲ್ಲ ಸ್ವಚ್ಛ ಕಾಣುತ್ತದೆ, ಒಳಗೆ ಎಲ್ಲೋ ಒಂದು ಗೆಣ್ಣು ಉಳಿದರೆ ಮಳೆ ಬಿದ್ದ ಮೇಲೆ ಗೊತ್ತಾಗುತ್ತದೆ, ಹಾಗೆ. ಅದಕ್ಕೇ ಇನ್ನು ಒಂದೂವರೆ ವರ್ಷ ಪ್ರತಿದಿನ ಸಂಜೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಒಂದು ದಿನವೂ ತಪ್ಪದೆ. ಜೊತೆಗೆ ಒಂದು ಸಂಶೋಧನೆಯೂ ನಡೆದಿತ್ತು. ಈ ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡಿದ್ದು ಹೊರದೇಶದ ಮಕ್ಕಳ ಮೈ ನೋಡಿ. ನಮ್ಮ ಕೆಲವು ಮಕ್ಕಳಿಗೆ ಹುಟ್ಟುಗುಣದಿಂದಲೇ ಅದು ಹೆಚ್ಚಾಗುತ್ತದೆ, ಕೆಲವರಿಗೆ ಸಾಲುವುದಿಲ್ಲ. ಹಾಗಾದರೆ ನಮ್ಮ ಮಕ್ಕಳಿಗೆ ಎಷ್ಟು ಕೊಡಬೇಕು ಎಂದು ಏಳೆಂಟು ಆಸ್ಪತ್ರೆಗಳು ಸೇರಿ ಮುನ್ನೂರು ಮಕ್ಕಳ ಮಾತ್ರೆ ಮತ್ತು ರಕ್ತದ ಲೆಕ್ಕ ಇಡುತ್ತಿದ್ದವು. ಅದರಲ್ಲಿ ಮಿತ್ರಾಳ ಸಂಖ್ಯೆ ಹದಿನೇಳು. ಮುಂದೆ ಯಾವುದೋ ಊರಿನಲ್ಲಿ ಯಾವುದೋ ಕೂಸಿಗೆ ಎಷ್ಟು ಮಾತ್ರೆ ಎಂದು ಗೊತ್ತುಮಾಡುವಾಗ ತಮ್ಮ ಕೈಬರಹವೂ ಲೆಕ್ಕಕ್ಕೆ ಬರುತ್ತದೆ ಎಂದು ಮಾಸ್ತರರಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಮಗ ಪ್ರಬುದ್ಧ ತೋಟಗಾರಿಕೆ ಇಲಾಖೆಯಲ್ಲಿ ಬೀದರಿನಲ್ಲಿದ್ದ, ತಿಂಗಳಿಗೆ ಎರಡು ಸಲ ಬರುತ್ತಿದ್ದ. ಸೊಸೆ ಜಯಮಾಲಾ ಧಾರವಾಡದಲ್ಲಿ ಗುಮಾಸ್ತೆ. ಬೆಳಿಗ್ಗೆ ಮಾತ್ರೆಯನ್ನು ಡಬ್ಬಿಯಲ್ಲಿ ತೆಗೆದಿಟ್ಟು ಹೋದರೆ ಹುಬ್ಬಳ್ಳಿ ಧಾರವಾಡಗಳ ನಡುವೆ ಓಡುವ ಚಿಗರಿ ಬಸ್ಸು ಹಿಡಿದು ನವನಗರದ ಮನೆ ಸೇರುವುದು ರಾತ್ರಿ ಎಂಟಕ್ಕೆ. ಹಾಗಾಗಿ ಏಳೂವರೆಯ ಮಾತ್ರೆ ಮಾಸ್ತರರ ಪಾಲಿಗೆ ಬಂತು. ಅವರು ಅದನ್ನೊಂದು ತರಗತಿ ಮಾಡಿಕೊಂಡರು. ಮೇಜಿನ ಮೇಲೆ ಪುಸ್ತಕ ಬಿಚ್ಚಿ, ಕನ್ನಡಕ ಏರಿಸಿ, ಗಟ್ಟಿಯಾಗಿ ಕೂಗುವರು, ‘ಸಂಘಮಿತ್ರಾ ಪ್ರಬುದ್ಧ.’ ನೀರಿನ ಲೋಟ ಹಿಡಿದು ಎದುರಿಗೆ ನಿಂತ ಮಿತ್ರಾ, ‘ಹಾಜರ್ ಸರ್’ ಎನ್ನುವಳು. ಮಾಸ್ತರರು ಅವಳ ಅಂಗೈಯಲ್ಲಿ ಮಾತ್ರೆ ಇಟ್ಟು, ಗೋಡೆಯ ಗಡಿಯಾರ ನೋಡಿ, ಏಳು ಮೂವತ್ತೊಂದೋ ಮೂವತ್ತೆರಡೋ ನಿಮಿಷ ಸಹಿತ ಬರೆದು, ಹಾಜರಿಯ ಗೆರೆ ಎಳೆದು, ಶಾಯಿ ಆರಲೆಂದು ಒಮ್ಮೆ ಊದುವರು. ಅಷ್ಟರಲ್ಲಿ ಲೋಟ ಖಾಲಿಯಾಗಿರುತ್ತಿತ್ತು. ಈ ಆಟ ನೋಡಲು ಪಕ್ಕದ ಮನೆಯ ಗುಲಾಬಸಾಬರೂ ಒಮ್ಮೊಮ್ಮೆ ಬಂದು ಕೂರುತ್ತಿದ್ದರು.

ಸುಳ್ಳದಲ್ಲಿ ಮಾಸ್ತರರ ಕೈಯಲ್ಲಿ ಕಲಿತ ಯಾರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ. ಮಹಾದೇವಪ್ಪ ಸರ್ ಹಾಜರಿ ತೆಗೆದುಕೊಳ್ಳುವಾಗ ಮಕ್ಕಳನ್ನು ನೋಡುತ್ತಿರಲಿಲ್ಲ, ಪುಸ್ತಕ ನೋಡುತ್ತಿದ್ದರು. ಹಾಜರ್ ಎಂದು ಕೂಗಿ ಹಿಂದಿನ ಕಿಟಕಿಯಿಂದ ಹಾರಿಹೋದವರಲ್ಲಿ ಇಬ್ಬರು ಈಗ ಪಂಚಾಯಿತಿ ಸದಸ್ಯರಾಗಿದ್ದಾರೆ. ಇಡೀ ಊರಿಗೆ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದವರು ಮಾಸ್ತರರೊಬ್ಬರೇ.

ನಗಬಹುದು, ಆದರೆ ಅವರು ಪುಸ್ತಕಕ್ಕೆ ಹಾಗೆ ಅಂಟಿಕೊಳ್ಳಲು ಕಾರಣವಿತ್ತು. ಮೊದಲ ನೌಕರಿಯ ಊರಿನಲ್ಲಿ ಬೇರೆ ಮಾಸ್ತರರ ಸಾಲಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಬಾಗಿಲ ಹತ್ತಿರ ಒಂದು ಸ್ಟೂಲು. ಕುಡಿಯುವ ನೀರಿನ ತಂಬಿಗೆ ಮನೆಯಿಂದ. ಆ ವರ್ಷ ತಪಾಸಣೆಗೆ ಬಂದ ಸಾಹೇಬರು ಅವರ ಹಾಜರಿ ಪುಸ್ತಕದಲ್ಲಿ ಒಂದು ಮಸಿ ಕಲೆ ಕಂಡು, ಸುತ್ತಲೂ ಕೆಂಪು ಶಾಯಿಯ ಸುತ್ತು ಹಾಕಿ, ಪೆನ್ನು ಹಿಡಿಯುವುದು ಎಲ್ಲರ ಕೈಗೂ ಒಗ್ಗುವುದಿಲ್ಲ ಎಂದು ಮಕ್ಕಳೆದುರೇ ಅಂದರು. ಇಪ್ಪತ್ತೆರಡರ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಮುಂದೆ ಮೂವತ್ತೇಳು ವರ್ಷ ಅವರ ಯಾವ ಪುಸ್ತಕದಲ್ಲೂ ಕೆಂಪು ಬೀಳಲಿಲ್ಲ. ಬೇರೆಯವರ ಪುಸ್ತಕದಲ್ಲಿ ತಪ್ಪಿದ್ದರೆ ಅದು ತಪ್ಪು, ತಮ್ಮದರಲ್ಲಿದ್ದರೆ ಅದು ತಮ್ಮ ಕೇರಿಯ ತಪ್ಪಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದು ಸುಳ್ಳೂ ಅಲ್ಲ.

ಫೆಬ್ರವರಿಯ ತಪಾಸಣೆಯಲ್ಲಿ ಮಿತ್ರಾಳ ಬಿಳಿ ರಕ್ತಕಣ ಬೇಕಾದದ್ದಕ್ಕಿಂತ ಹೆಚ್ಚಿತ್ತು. ಮಾತ್ರೆ ನಾಟುತ್ತಿದ್ದರೆ ಅದು ಮೂರು ಸಾವಿರದ ಕೆಳಗೆ ಇರಬೇಕು, ಆರು ಸಾವಿರ ದಾಟಿತ್ತು. ಮಾತ್ರೆ ತಪ್ಪುತ್ತಿದೆಯೇ ಎಂದು ಡಾಕ್ಟರು ಕೇಳಿದಾಗ, ಸಂಶೋಧನೆಯ ಕಾಗದಪತ್ರ ನೋಡಿಕೊಳ್ಳುವ ಉಜ್ಮಾ ಎಂಬ ಹುಡುಗಿಯೇ ನಕ್ಕಳು. ಮುನ್ನೂರು ಪುಸ್ತಕಗಳಲ್ಲಿ ಈ ಅಜ್ಜನ ಪುಸ್ತಕದಂಥದು ಇನ್ನೊಂದಿಲ್ಲ, ಬೇರೆ ತಂದೆ ತಾಯಿಗಳಿಗೆ ಇದನ್ನೇ ತೋರಿಸುತ್ತೇನೆ ಎಂದಳು. ಕಾಲು ಮಾತ್ರೆ ಏರಿಸಿದರು. ಮಾರ್ಚಿನಲ್ಲೂ ಕಣ ಇಳಿಯಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದರು.

ಏಪ್ರಿಲ್ ಹದಿಮೂರರಂದು, ಮರುದಿನದ ಬಾಬಾಸಾಹೇಬರ ಜಯಂತಿಗೆ ಮನೆ ಸ್ವಚ್ಛ ಮಾಡುತ್ತಿದ್ದಾಗ, ಮಾಸ್ತರರು ಕಪಾಟಿನ ಮೇಲಿದ್ದ ಭೂಗೋಳವನ್ನು ಇಳಿಸಿದರು. ನಿವೃತ್ತಿಯ ದಿನ ಸುಳ್ಳದ ಮಕ್ಕಳು ಕೊಟ್ಟದ್ದು. ಕೆಳಗಿನ ಕಾಲು ಮುರಿದು ದಕ್ಷಿಣ ಧ್ರುವದಲ್ಲಿ ಬೆರಳು ಹೋಗುವಷ್ಟು ತೂತಾಗಿತ್ತು. ಒರೆಸಲೆಂದು ತಿರುಗಿಸಿದರೆ ಒಳಗೆ ಕಾಳು ಅಲುಗಾಡಿದ ಸದ್ದು. ಬಗ್ಗಿಸಿ ಅಲುಗಿಸಿದರು. ಮಂಚದ ಮೇಲೆ ತಿಳಿಹಳದಿ ಮಾತ್ರೆಗಳು ಸುರಿದವು. ಎಣಿಸುವುದು ಅವರಿಗೆ ಉಸಿರಾಡಿದಷ್ಟು ಸಹಜ, ಎಣಿಸಿದರು. ಇಡೀ ಮಾತ್ರೆ ಮೂವತ್ತೊಂದು, ಕಾಲು ತುಂಡು ಇಪ್ಪತ್ನಾಲ್ಕು.

ಮಿತ್ರಾಳನ್ನು ಕರೆದರು. ಮಂಚದ ಮೇಲಿನದನ್ನು ನೋಡಿ ಅವಳು ಓಡಲಿಲ್ಲ, ಅಳಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಳು, ಹೋಮ್‌ವರ್ಕ್ ಮಾಡದೆ ಬಂದವರ ಹಾಗೆ.

‘ಯಾಕವಾ?’ ಎಂದರು ಮಾಸ್ತರರು.

‘ಮಾತ್ರಿ ತಗೊಂಡ್ರ ಮುಂಜಾನೆ ವಾಂತಿ ಬರ್ತೈತಿ ಅಜ್ಜಾ. ಸಾಲ್ಯಾಗ ಎರಡ ಸಲ ಆತು. ಆಮ್ಯಾಲೆ ನನ್ನ ಬಾಜೂಕ ಯಾರೂ ಕುಂಡ್ರಲಿಲ್ಲ. ಎಲ್ಲಾರೂ ದೂರ ಕುಂತ್ರು.’

ದೂರ ಕುಂತ್ರು. ಅರವತ್ತಾರು ವರ್ಷದ ಮುದುಕರ ಎದೆಯಲ್ಲಿ ಆ ಎರಡು ಮಾತು ಎಲ್ಲಿ ಹೋಗಿ ನಾಟಿದವೋ, ಅವರು ಬೈಯಲು ತೆರೆದ ಬಾಯಿ ಮುಚ್ಚಿದರು. ದಿನವೂ ಅಲ್ಲ, ಶಾಲೆಯಲ್ಲಿ ಏನಾದರೂ ಮುಖ್ಯವಾದದ್ದು ಇದ್ದರೆ ಅದರ ಹಿಂದಿನ ಸಂಜೆ ಮಾತ್ರ ಎಂದು ಅವಳು ಸಮಜಾಯಿಷಿ ಕೊಟ್ಟಳು. ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ನೀರು ಕುಡಿಯುವುದು, ಅಜ್ಜ ಶಾಯಿ ಊದುವಾಗ ಅಂಗೈಗೆ ಉಗುಳುವುದು. ಬಹಳ ಸುಲಭ ಇತ್ತು ಎಂದಳು. ಬೇಕಂತಲೇ ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ.

ಅವ್ವನಿಗೆ ಹೇಳಬೇಡ ಎಂದು ಕೂಸು ಕೇಳಿಕೊಂಡಿತು. ಹೇಳುವುದಿಲ್ಲ ಎಂದು ಮಾಸ್ತರರು ಮಾತು ಕೊಟ್ಟರು. ಕೂಸಿಗಾಗಿ ಕೊಟ್ಟೆ ಎಂದುಕೊಂಡರು. ಇನ್ನು ಮುಂದೆ ಒಂದು ಮಾತ್ರೆಯೂ ತಪ್ಪಬಾರದು ಎಂದು ಅವಳಿಂದಲೂ ಮಾತು ತೆಗೆದುಕೊಂಡರು. ಆಮೇಲೆ ಮಾತ್ರೆಗಳನ್ನು ಒಂದು ಲಕೋಟೆಗೆ ಹಾಕಿದರು. ಎಸೆಯಲು ಮನಸ್ಸಾಗಲಿಲ್ಲ. ಮೇಲೆ ತಾರೀಖು ಬರೆದು, ಸಂಖ್ಯೆ ಬರೆದು, ಟ್ರಂಕಿನ ತಳದಲ್ಲಿ ಇಟ್ಟರು. ಕಳ್ಳತನ ಮಾಡಿದರೂ ಪಾವತಿ ಚೀಟಿ ಬರೆದಿಡುವ ಜಾತಿ ಅದು, ಮಾಸ್ತರಿಕೆಯ ಜಾತಿ.

ಹದಿನಾರಕ್ಕೆ ಆಸ್ಪತ್ರೆ. ಹೇಳಿಬಿಡಬೇಕು ಎಂದುಕೊಂಡೇ ಅವರು ಪುಸ್ತಕ ಬಗಲಲ್ಲಿಟ್ಟುಕೊಂಡು ಹೊರಟರು. ಡಾಕ್ಟರ್ ಚಿನ್ಮಯೀ ಧಾರವಾಡದ ಮಾಳಮಡ್ಡಿಯವರು, ಅಜ್ಜ ಮುತ್ತಜ್ಜರ ಕಾಲದಿಂದ ಶಾಲೆ, ಸಂಗೀತ ಎಂದು ಹೆಸರಾದ ಮನೆತನ. ಮಾಸ್ತರರು ಒಳಗೆ ಬಂದರೆ ಎದ್ದು ನಿಂತು ಕುರ್ಚಿ ತೋರಿಸುವವರು, ಮಾತಿಗೊಮ್ಮೆ ಸರ್ ಎನ್ನುವವರು. ಬಾಗಿಲ ಹತ್ತಿರದ ಸ್ಟೂಲಿನಿಂದ ಈ ಕುರ್ಚಿಗೆ ಬರಲು ಅವರಿಗೆ ಒಂದು ಆಯುಷ್ಯ ಹಿಡಿದಿತ್ತು. ಆ ದಿನ ಹೊರಗೆ ಬೇರೆ ಮಕ್ಕಳ ತಂದೆ ತಾಯಿಗಳು ಕೂತಿದ್ದರು, ಉಜ್ಮಾ ಮಾಸ್ತರರ ಪುಸ್ತಕವನ್ನು ಕೈಯಿಂದ ಕೈಗೆ ಕೊಟ್ಟು ತೋರಿಸುತ್ತಿದ್ದಳು. ರಕ್ತದ ವರದಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಆರು ಸಾವಿರದ ನಾನೂರು.

‘ಒಂದು ದಿವಸನೂ ತಪ್ಪಿಲ್ಲ, ಹೌದಲ್ರಿ ಸರ್?’

ಮಿತ್ರಾ ಸ್ಟೂಲಿನ ಮೇಲೆ ಕೂತು ಅಜ್ಜನ ಮುಖ ನೋಡಿದಳು. ಜಯಮಾಲಾ ಮಗಳ ಬೆನ್ನ ಮೇಲೆ ಕೈ ಇಟ್ಟಿದ್ದಳು.

‘ಪುಸ್ತಕದಾಗ ಐತಲ್ರಿ ಮೇಡಂ’ ಎಂದರು ಮಾಸ್ತರರು.

ಸುಳ್ಳಲ್ಲ ಅದು. ಪುಸ್ತಕದಲ್ಲಿ ಇತ್ತು. ಡಾಕ್ಟರು ಇನ್ನೊಂದು ಕಾಲು ಸೇರಿಸಿ ಮಾತ್ರೆಯನ್ನು ಒಂದೂವರೆಗೆ ಏರಿಸಿದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಮಾಸ್ತರರು ತಮ್ಮ ಮನಸ್ಸಿಗೆ ತಾವೇ ಒಂದು ಪಾಠ ಹೇಳಿಕೊಂಡರು. ಪಾಠ ಹಿಂದೆ ಬಿದ್ದರೆ ಪರೀಕ್ಷೆಗೆ ಮುಂಚೆ ಹೆಚ್ಚಿನ ತರಗತಿ ತೆಗೆದುಕೊಳ್ಳುವುದಿಲ್ಲವೇ? ಮೂರು ತಿಂಗಳಲ್ಲಿ ತಪ್ಪಿದ್ದನ್ನು ಈ ಹೆಚ್ಚಿನ ಮಾತ್ರೆ ತುಂಬಿಕೊಡುತ್ತದೆ. ಆದದ್ದೆಲ್ಲ ಒಳ್ಳೆಯದಕ್ಕೇ. ಔಷಧವು ಪಾಠದಂತಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ, ಹೊಳೆಯಲು ಅವರು ಬಿಡಲೂ ಇಲ್ಲ.

ಅಂದಿನಿಂದ ಅವರು ಮೊದಲು ಮಾತ್ರೆ, ಆಮೇಲೆ ಪುಸ್ತಕ ಎಂದು ಬದಲಿಸಿದರು. ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಬ್ಯಾಟರಿ ಬಿಟ್ಟು ನೋಡುವರು. ಮಿತ್ರಾ ಕೊಟ್ಟ ಮಾತಿಗೆ ತಪ್ಪಲಿಲ್ಲ. ಶಾಲೆಗೆ ಬೇಸಿಗೆಯ ರಜೆ, ವಾಂತಿಯಾದರೆ ನೋಡುವವರು ಯಾರೂ ಇರಲಿಲ್ಲ. ಮೂರು ವಾರ ದಿನವೂ ಒಂದೂವರೆ ಮಾತ್ರೆ ನುಂಗಿದಳು. ಪುಸ್ತಕ ಈಗ ಖರೇ ಇತ್ತು.

ಮೇ ತಿಂಗಳ ಮೊದಲ ವಾರ ಅವಳ ತುಟಿಯ ಒಳಗೆ ಹುಣ್ಣೆದ್ದವು. ಮರುದಿನ ನಾಲಿಗೆಯ ಮೇಲೆ, ಅದರ ಮರುದಿನ ಗಂಟಲಲ್ಲಿ. ನೀರು ಕುಡಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಎಂಟನೆಯ ತಾರೀಖು ಬೆಳಿಗ್ಗೆ ಮೈ ಕಾದು ಕಾವಲಿಯಾಗಿತ್ತು. ಜಯಮಾಲಾ ಆಟೋದಲ್ಲಿ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು, ಮಾಸ್ತರರು ಡ್ರೈವರಿನ ಪಕ್ಕ ಅಂಚಿನಲ್ಲಿ.

ಬಿಳಿ ರಕ್ತಕಣ ಆರುನೂರಕ್ಕೆ ಇಳಿದಿತ್ತು. ರೋಗದ ವಿರುದ್ಧ ಕಾಯುವ ಕಣಗಳಂತೂ ಲೆಕ್ಕಕ್ಕೇ ಇಲ್ಲ. ಒಬ್ಬಳೇ ಇರುವ ಕೋಣೆಯಲ್ಲಿ ಮಲಗಿಸಿ, ಕೈಗೆ ಸೂಜಿ ಹಾಕಿ, ಜ್ವರದ ಔಷಧ ಬಿಟ್ಟರು. ಒಳಗೆ ಹೋಗುವವರು ಕೈ ತೊಳೆದು, ಮುಖಕ್ಕೆ ಮಾಸ್ಕು ಹಾಕಿಕೊಂಡು ಹೋಗಬೇಕು. ಮಿತ್ರಾ ಬಾಯಿ ತೆರೆಯಲಾರದೆ, ಕಣ್ಣಲ್ಲೇ ಬಾ, ಹೋಗಬೇಡ ಎನ್ನುತ್ತಿದ್ದಳು.

ಸಂಜೆ ಡಾಕ್ಟರ್ ಚಿನ್ಮಯೀ ಮಾವ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಪುಸ್ತಕದ ಪ್ರಕಾರ ಮಾತ್ರೆ ಒಂದು ದಿನವೂ ತಪ್ಪಿಲ್ಲ, ಫೆಬ್ರವರಿಯಿಂದ ಮೂರು ತಿಂಗಳು ಕಣ ಇಳಿಯಲೇ ಇಲ್ಲ. ಈಗ ಇನ್ನೊಂದು ಕಾಲು ಮಾತ್ರೆ ಏರಿಸಿದ್ದಕ್ಕೇ ನೆಲ ಕಚ್ಚಿವೆ. ಮಾತ್ರೆ ಹೆಚ್ಚಾಗುವ ಹುಟ್ಟುಗುಣ ಇದೆಯೇ ಎಂದು ರಕ್ತ ಪರೀಕ್ಷೆ ಆಗಿದೆ, ಅದೂ ಇಲ್ಲ. ಹಾಗಾದರೆ ಕಾರಣ ಮಾತ್ರೆಯಲ್ಲ, ಒಳಗಿನದು. ಮೂಳೆಯ ಮಜ್ಜೆಯಲ್ಲಿ ರೋಗ ಮತ್ತೆ ತಲೆ ಎತ್ತಿದ್ದರೆ ಹೀಗೆಯೇ ಕಣಗಳು ಕುಸಿಯುತ್ತವೆ. ‘ನಾಳೆ ಮುಂಜಾನೆ ಹತ್ತಕ್ಕ ಸೊಂಟದ ಎಲುಬಿನಿಂದ ಮಜ್ಜೆ ತಗೀಬೇಕಾಗ್ತದ. ನೋಡದ ಬಿಡಲಿಕ್ಕೆ ಆಗೂದಿಲ್ಲ’ ಎಂದರು.

ಆ ಸೂಜಿ ಮಿತ್ರಾಳಿಗೆ ಗೊತ್ತಿತ್ತು. ಮೊದಲ ವರ್ಷ ಮೂರು ಸಲ ಆಗಿತ್ತು. ಅದರ ಹೆಸರು ಕೇಳಿದರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು. ಈಗ ಎದ್ದು ಕೂರುವ ಶಕ್ತಿಯೂ ಇಲ್ಲದ ಕೂಸಿಗೆ, ಕಣಗಳಿಲ್ಲದ ಮೈಗೆ, ಮತ್ತೆ ಅದೇ ಸೂಜಿ. ಯಾಕೆ? ಮಾಸ್ತರರ ಪುಸ್ತಕ ಅಷ್ಟು ಚೊಕ್ಕಟವಾಗಿದ್ದದ್ದಕ್ಕೆ.

ಬಟ್ಟೆ ತರುತ್ತೇನೆಂದು ಅವರು ಬೆಳಿಗ್ಗೆ ಆರಕ್ಕೆ ಮನೆಗೆ ಹೋದರು. ಟ್ರಂಕು ತೆರೆದು ಲಕೋಟೆ ಹಿಡಿದು ನೆಲದ ಮೇಲೆ ಕೂತದ್ದನ್ನು ಕಸ್ತೂರೆವ್ವ ಬಂದು ನೋಡಿದಳು. ಅವಳಿಗೆ ಎಲ್ಲವನ್ನೂ ಹೇಳಿದರು. ಭೂಗೋಳ, ವಾಂತಿ, ದೂರ ಕೂತ ಮಕ್ಕಳು, ಕೊಟ್ಟ ಮಾತು, ಡಾಕ್ಟರ ಎದುರು ಆಡಿದ ಮಾತು. ಇಷ್ಟು ದಿನ ಬಾಯಿ ಕಟ್ಟಿದ್ದು ಕೂಸಿಗಾಗಿ ಎಂದೂ ಹೇಳಿದರು. ಕಸ್ತೂರೆವ್ವ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಗಂಡನ ಅಕ್ಷರಕ್ಕೆ ನಲವತ್ತು ವರ್ಷ ಕೈಮುಗಿದವಳು.

‘ಬೇಲಿನ ಎದ್ದು ಹೊಲಾ ಮೇಯ್ದಂಗಾತಲ್ರೀ’ ಎಂದಳು. ‘ಕೂಸಿಗಾಗಿ ಅಂತ ಹೇಳಬ್ಯಾಡ್ರಿ. ಕೂಸಿನ ಹಿಂದ ನೀವು ಅಡಗಬ್ಯಾಡ್ರಿ. ಏಳ್ರಿ, ಲಗೂನ ಹೋಗ್ರಿ.’

ಬಟ್ಟೆಯ ಚೀಲ ಮನೆಯಲ್ಲೇ ಉಳಿಯಿತು. ಮಾಸ್ತರರು ಆಸ್ಪತ್ರೆ ಮುಟ್ಟಿದಾಗ ಒಂಬತ್ತೂವರೆ. ಡಾಕ್ಟರು ಸೂಜಿಯ ಕೋಣೆಗೆ ಹೊರಟಿದ್ದರು, ಉಜ್ಮಾ ಕಾಗದಕ್ಕೆ ಜಯಮಾಲಾಳ ಸಹಿ ಹಾಕಿಸುತ್ತಿದ್ದಳು. ಮಾಸ್ತರರು ಮೇಜಿನ ಮೇಲೆ ಲಕೋಟೆ ಇಟ್ಟರು. ಡಾಕ್ಟರು ಕುರ್ಚಿ ತೋರಿಸಿದರು. ಅವರು ಕೂರಲಿಲ್ಲ.

‘ಮೇಡಂ, ನನ್ನ ಪುಸ್ತಕ ಖೊಟ್ಟಿ ಐತ್ರಿ. ಕೂಸು ಮಾತ್ರಿ ನುಂಗಿಲ್ಲ. ನಾ ನೋಡದ ಬರದೇನಿ. ಹೋದ ತಿಂಗಳು ನೀವು ಕೇಳಿದಾಗ ನನಗ ಗೊತ್ತಿತ್ರಿ. ಗೊತ್ತಿದ್ದೂ ಹೇಳಲಿಲ್ಲ.’

ಡಾಕ್ಟರು ಲಕೋಟೆಯ ಮೇಲಿನ ತಾರೀಖು ಓದಿದರು. ಸಂಖ್ಯೆ ಓದಿದರು. ಒಳಗಿನದನ್ನು ಅಂಗೈಗೆ ಸುರಿದುಕೊಂಡು ನೋಡಿದರು. ಬೈಯುತ್ತಾರೆ ಎಂದು ಮಾಸ್ತರರು ಕಾದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಏಪ್ರಿಲ್ ಹದಿನಾರರಿಂದ ಎಲ್ಲ ಮಾತ್ರೆಯೂ ಹೊಟ್ಟೆಗೆ ಹೋಗಿದೆಯೇ, ಕಣ್ಣಾರೆ ನೋಡಿದ್ದೀರಾ ಎಂದಷ್ಟೇ ಕೇಳಿದರು. ಹೌದು ಎಂದ ಮೇಲೆ ಕಾಗದದ ಹಿಂದೆ ಏನೋ ಲೆಕ್ಕ ಹಾಕಿದರು. ಅರೆಬರೆ ಮಾತ್ರೆ ತಿಂದ ಮೈ ನೋಡಿ ತಾವು ಪ್ರಮಾಣ ಏರಿಸುತ್ತ ಹೋದದ್ದು, ಅದೆಲ್ಲ ಒಂದೇ ಸಲ ಪೂರ್ತಿ ಅವಳ ಮೇಲೆ ಬಿದ್ದದ್ದು, ಈಗ ಅವರಿಗೆ ತಿಳಿಯಿತು. ಸೂಜಿ ಇವತ್ತು ಬೇಡ ಎಂದರು. ಮಾತ್ರೆ ನಿಲ್ಲಿಸಿ ಕಾಯೋಣ. ಹತ್ತು ಹನ್ನೆರಡು ದಿನಗಳಲ್ಲಿ ಕಣಗಳು ತಾವಾಗಿ ಏರಿದರೆ ಇದು ಮಾತ್ರೆಯ ಪೆಟ್ಟು. ಏರದಿದ್ದರೆ ಸೂಜಿ ಚುಚ್ಚಲೇಬೇಕು. ಅಲ್ಲಿಯವರೆಗೆ ಈ ಜ್ವರ ಗೆಲ್ಲಬೇಕು, ಅದನ್ನೂ ಈಗಲೇ ಹೇಳಲಾಗದು.

‘ಮತ್ತ ಆ ತಪ್ಪಿದ ಮಾತ್ರಿ?’ ಎಂದಳು ಜಯಮಾಲಾ.

ಡಾಕ್ಟರು ಅವಳಿಗೆ ಸುಳ್ಳು ಹೇಳಲಿಲ್ಲ. ತಪ್ಪಿದ ದಿನಗಳಲ್ಲಿ ಎಲ್ಲಾದರೂ ಒಂದು ಗೆಣ್ಣು ಚಿಗುರಿದೆಯೋ ಇಲ್ಲವೋ ಯಾವ ಪರೀಕ್ಷೆಯೂ ಇವತ್ತು ಹೇಳುವುದಿಲ್ಲ, ವರ್ಷಗಳು ಹೇಳಬೇಕು ಎಂದರು.

ಜಯಮಾಲಾ ಮಾವನ ಕಡೆ ತಿರುಗಿದಳು. ಸೊಸೆಯಾಗಿ ಬಂದು ಹನ್ನೊಂದು ವರ್ಷ, ಒಮ್ಮೆಯೂ ಎದುರಾಡಿದವಳಲ್ಲ. ಈಗಲೂ ದನಿ ಏರಿಸಲಿಲ್ಲ.

‘ಮಾವಾರ, ದಿನಾ ಎಂಟಕ್ಕ ಬಂದು ನಾ ಮೊದಲ ನಿಮ್ಮ ಪುಸ್ತಕಾ ನೋಡತಿದ್ದೆ. ಕೂಸಿನ ಬಾಯಿ ನೋಡಲಿಲ್ಲ. ನೀವು ಬರದೀರಿ ಅಂದ್ರ ಆತು ಅಂತಿದ್ದೆ.’

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಮಾಸ್ತರರು ಎಷ್ಟು ತಲೆಮಾರಿನ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟಿದ್ದರೋ. ಅವರು ಉಜ್ಮಾಳನ್ನು ಕರೆದು, ತಮ್ಮ ಪುಸ್ತಕವನ್ನು ಸಂಶೋಧನೆಯಿಂದ ತೆಗೆದು ಹರಿದುಹಾಕಬೇಕು, ಇದನ್ನು ನಂಬಿ ಬೇರೆ ಮಕ್ಕಳಿಗೆ ತಪ್ಪು ಪ್ರಮಾಣ ಹೋಗಬಾರದು ಎಂದರು. ಉಜ್ಮಾಳ ಮುಖ ಸಪ್ಪಗಾಗಿತ್ತು. ಎಲ್ಲ ಪಾಲಕರಿಗೂ ತೋರಿಸಿದ್ದು ಇದೇ ಪುಸ್ತಕವಲ್ಲವೇ. ಆದರೂ ಅವಳು ತಲೆ ಅಲ್ಲಾಡಿಸಿದಳು.

‘ಹರಿಯೂದು ಬ್ಯಾಡ್ರಿ ಅಜ್ಜಾರ. ಮಕ್ಕಳು ಯಾವ ದಿನಾ ತಪ್ಪಸ್ತಾರ, ಯಾಕ ತಪ್ಪಸ್ತಾರ ಅಂತ ಯಾರೂ ಖರೇ ಬರಿಯೂದಿಲ್ರಿ. ಅದು ಗೊತ್ತಾದ್ರ ನಮಗ ಭಾಳ ಬೇಕ್ರಿ. ನೀವು ತಿದ್ದಿ, ಸಹಿ ಮಾಡಿ ಕೊಡ್ರಿ.’ ತನ್ನ ಜೇಬಿನಿಂದ ಒಂದು ಕೆಂಪು ಪೆನ್ನು ತೆಗೆದು ಅವರ ಕೈಗೆ ಕೊಟ್ಟಳು.

ಜ್ವರ ಮೂರು ದಿನ ಇಳಿಯಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಸ್ವಲ್ಪ ಬೆವರು ಕಂಡಿತು. ಬೀದರಿನಿಂದ ಬಂದಿದ್ದ ಪ್ರಬುದ್ಧ ಅಪ್ಪನೊಂದಿಗೆ ಮಾತಾಡಿರಲಿಲ್ಲ. ಹೆಂಡತಿಯನ್ನು ಊಟಕ್ಕೆ ಕರೆದುಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, ಒಳಗೆ ಹೋಗಿ ಕೂತುಕೊಳ್ಳಿ ಎಂದಷ್ಟೇ ಹೇಳಿದ. ಮಾಸ್ತರರು ಕೈ ತೊಳೆದು, ಮಾಸ್ಕು ಹಾಕಿಕೊಂಡು ಒಳಗೆ ಹೋದರು. ಮಿತ್ರಾ ಎಚ್ಚರವಿದ್ದಳು. ತುಟಿಗಳ ಮೇಲೆ ಕಪ್ಪಗೆ ಹಕ್ಕಳೆ ಕಟ್ಟಿತ್ತು. ದಿಂಬಿನ ತುಂಬ ಗುಂಗುರು ಕೂದಲು ಉದುರಿ ಬಿದ್ದಿತ್ತು.

ಪುಸ್ತಕ ತೊಡೆಯ ಮೇಲೆ ಬಿಚ್ಚಿಟ್ಟು, ನೆನಪಿದ್ದಷ್ಟು ಹೇಳು, ಮಾತಾಡುವುದು ಬೇಡ ಎಂದರು. ನುಂಗಿದ ದಿನವಾದರೆ ಕೈ ಎತ್ತು, ನುಂಗದ ದಿನವಾದರೆ ಎತ್ತಬೇಡ. ಅವಳು ಕಣ್ಣು ಮಿಟುಕಿಸಿದಳು. ಮಾಸ್ತರರು, ಶಾಲೆಯಲ್ಲಿ ಎರಡನೆಯ ಸಲ ವಾಂತಿಯಾದ ಜನವರಿ ಇಪ್ಪತ್ತರಿಂದ ಒಂದೊಂದೇ ತಾರೀಖು ಕೂಗತೊಡಗಿದರು. ಗಟ್ಟಿಯಾಗಿ ಅಲ್ಲ, ಅವಳಿಗಷ್ಟೇ ಕೇಳುವಂತೆ. ಮತ್ತು ಈ ಸಲ ಪುಸ್ತಕ ನೋಡಲಿಲ್ಲ, ಅವಳನ್ನು ನೋಡಿದರು. ಅವಳ ಬಲಗೈ ನಾಲ್ಕು ಬೆರಳಷ್ಟು ಎದ್ದು ಹಾಸಿಗೆಗೆ ಮರಳುತ್ತಿತ್ತು. ಕೆಲವು ತಾರೀಖಿಗೆ ಏಳುತ್ತಿರಲಿಲ್ಲ. ಶಾಲೆಯ ಗಣರಾಜ್ಯೋತ್ಸವದ ಹಿಂದಿನ ದಿನ ಏಳಲಿಲ್ಲ. ಫೋಟೋ ತೆಗೆಯುವ ದಿನದ ಹಿಂದೆ ಏಳಲಿಲ್ಲ. ಗಣಿತದ ಪರೀಕ್ಷೆ, ಗೆಳತಿಯ ಹುಟ್ಟುಹಬ್ಬ, ಪ್ರವಾಸ. ಒಂದೂ ತಪ್ಪದೆ ನೆನಪಿತ್ತು ಅವಳಿಗೆ. ಮಾಸ್ತರರು ಒಂದೊಂದಾಗಿ ನೀಲಿ ಗೆರೆಯ ಮೇಲೆ ಕೆಂಪು ಗೆರೆ ಎಳೆದು ಗೈರು ಎಂದು ಬರೆದರು. ಕೊನೆಗೆ ಎಣಿಸಿದರೆ ಮೂವತ್ತೆಂಟು. ಲಕೋಟೆಯಲ್ಲಿದ್ದದ್ದು ಮೂವತ್ತೊಂದು. ಉಳಿದ ಏಳು ಎಲ್ಲಿ ಎಂದು ಕೇಳಿದರೆ ಅವಳು ಕಿಟಕಿಯ ಕಡೆ ಕಣ್ಣು ಹೊರಳಿಸಿದಳು. ಭೂಗೋಳ ಸಿಗುವ ಮುಂಚೆ ಕಿಟಕಿ.

ಏಪ್ರಿಲ್ ಹದಿನಾರು ಬಂತು. ಆ ಸಂಜೆ ಅವಳು ಮಾತ್ರೆ ನುಂಗಿದ್ದನ್ನು ಅವರೇ ಬ್ಯಾಟರಿ ಬಿಟ್ಟು ನೋಡಿದ್ದರು. ಅಲ್ಲಿ ಹಾಜರಿ ಸರಿ ಇತ್ತು. ಮಾಸ್ತರರು ಪೆನ್ನನ್ನು ಅದೇ ಸಾಲಿನಲ್ಲಿ ಮುಂದಕ್ಕೆ ಸರಿಸಿ, ಷರಾದ ಕೆಳಗೆ ತಂದರು. ಮೊದಲ ಅಕ್ಷರ ಸೊಟ್ಟಗಾಯಿತು, ತಿದ್ದಲಿಲ್ಲ. ‘ಮಾತ್ರೆ ತಪ್ಪಿದ್ದು ಈ ದಿನ ನನಗೆ ತಿಳಿದಿತ್ತು. ವೈದ್ಯರು ಕೇಳಿದರು. ನಾನು ಹೇಳಲಿಲ್ಲ’ ಎಂದು ಬರೆದು ಪೂರ್ತಿ ಹೆಸರಿನ ಸಹಿ ಹಾಕಿದರು.

ಮಿತ್ರಾ ಪುಸ್ತಕ ತೋರಿಸು ಎಂದು ಬೆರಳು ಆಡಿಸಿದಳು. ಅವಳ ಕಣ್ಣೆದುರು ಹಿಡಿದರು. ಮೂರನೆಯ ಇಯತ್ತೆಯ ಓದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಆಮೇಲೆ ನಿಧಾನವಾಗಿ ಕೈ ಎತ್ತಿದಳು.

ಅವರಿಗೆ ತಿಳಿಯಲಿಲ್ಲ. ಆ ದಿನದ ಹಾಜರಿ ಬರೆದಾಗಿದೆ ಎಂದರು. ಅವಳು ಕೈ ಇಳಿಸಲಿಲ್ಲ, ಕಣ್ಣು ಷರಾದ ಮೇಲೆಯೇ ಇತ್ತು. ಆಗ ಹೊಳೆಯಿತು. ಆ ದಿನ ಡಾಕ್ಟರ ಕೋಣೆಯಲ್ಲಿ ಸ್ಟೂಲಿನ ಮೇಲೆ ಅವಳೂ ಕೂತಿದ್ದಳು. ಅವಳಿಗೂ ಗೊತ್ತಿತ್ತು, ಅವಳೂ ಹೇಳಲಿಲ್ಲ. ಅಜ್ಜನ ಮುಖ ನೋಡಿ ಕೂತಿದ್ದಳು. ಮಾಸ್ತರರಿಗೆ ಅಳು ತಡೆಯಲಾಗಲಿಲ್ಲ, ಮಾಸ್ಕಿನ ಒಳಗೇ ಅತ್ತರು. ಕೊಳವೆ ಚುಚ್ಚಿದ ಆ ಕೈಯನ್ನು ಹಿಡಿದು ಮೆಲ್ಲಗೆ ಹಾಸಿಗೆಯ ಮೇಲೆ ಇಳಿಸಿದರು.

‘ಇದು ನಿಂದಲ್ಲ ಯವ್ವಾ. ಇದು ನಂದೊಬ್ಬಂದ’ ಎಂದರು.

ಅವರು ಕೈ ಬಿಟ್ಟ ಕೂಡಲೇ ಮಿತ್ರಾ ಮತ್ತೆ ಎತ್ತಿದಳು.